ನಿಕೋಬಾರಿನ ಆಮೆಗೆ ಸೈಟ್ ಮಂಜೂರು

ನಮ್ಮ ದೇಶದಲ್ಲಿ ಜೀವವೈವಿಧ್ಯದ ಹಾಟ್‌ಸ್ಪಾಟ್‌ಗಳು, ಅಂದರೆ ಬೇರೆಲ್ಲೂ ಸಿಗದ ಜೀವಿಗಳು ತುಂಬಿರುವ, ಆದರೆ ಅಪಾಯದಲ್ಲಿರುವ ಜಾಗಗಳು, ನಾಲ್ಕು. ಹಿಮಾಲಯ, ಈಶಾನ್ಯದ ಇಂಡೋ-ಬರ್ಮಾ, ನಮ್ಮ ಪಶ್ಚಿಮ ಘಟ್ಟ, ಆಮೇಲೆ ಇಂಡೋನೇಷ್ಯಾ-ಮಲೇಷ್ಯಾ ಕಡೆಯ ಸುಂದಾಲ್ಯಾಂಡಿಗೆ ಸೇರುವ ನಿಕೋಬಾರ್. ಐದನೆಯದು ಹರಿಯಾಣದಲ್ಲಿ ತಯಾರಾಗಲಿದೆ.

ನಗಬೇಡಿ. ಗ್ರೇಟ್ ನಿಕೋಬಾರಿಗೆ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಟೌನ್‌ಶಿಪ್ ಎಲ್ಲ ಬರುತ್ತವೆ. 2022ರಲ್ಲೇ ಪರಿಸರ ಅನುಮತಿ ಸಿಕ್ಕಿದೆ. ಇದಕ್ಕೆ ಸುಮಾರು 130 ಚದರ ಕಿ.ಮೀ. ಕಾಡು ಬೇಕು. ಮರಗಳು, ಸರ್ಕಾರವೇ ಸಂಸತ್ತಿಗೆ ಕೊಟ್ಟ ಅಂದಾಜಿನಲ್ಲಿ, 9.64 ಲಕ್ಷ. ಕಡಿದವರು ಬೇರೆ ಕಡೆ ನೆಡಬೇಕು ಅನ್ನುವುದು ನಿಯಮ. ದ್ವೀಪದ ತುಂಬ ಆಗಲೇ ಕಾಡಿದೆ, ಹಾಳಾದ್ದು, ನೆಡಲು ಜಾಗವೇ ಇಲ್ಲ! ಹಾಗಾಗಿ ಎರಡು ಸಾವಿರ ಕಿ.ಮೀ.ಗೂ ಜಾಸ್ತಿ ದೂರದ ಹರಿಯಾಣ.

ಹರಿಯಾಣಕ್ಕೆ ಮರ ಬೇಡ ಅಂತಲ್ಲ. ಶೇ 4ರಷ್ಟೂ ಕಾಡಿಲ್ಲದ ರಾಜ್ಯ, ಪಾಪ, ನೆಡಲಿ. ಹುಬ್ಬಳ್ಳಿಯವನ ತಲೆ ಬೋಳಿಸಿ ದೆಹಲಿಯವನಿಗೆ ವಿಗ್ ತೊಡಿಸಿದರೂ ದೇಶದ ಒಟ್ಟು ಕೂದಲಿನ ಲೆಕ್ಕ ತಾಳೆಯಾಗುತ್ತದೆ, ಅಲ್ವಾ?

ತಾಳೆಯಾಗದೇ ಇರುವುದು ನಿಕೋಬಾರ್ ಮೆಗಾಪೋಡ್. ಕೋಳಿ ಗಾತ್ರದ ಹಕ್ಕಿ, ಆ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಇದು ಕಾವು ಕೂರುವುದಿಲ್ಲ. ಕಡಲಂಚಿನ ಕಾಡಿನಲ್ಲಿ ಮರಳು, ತರಗೆಲೆ ಕೆದರಿ ದಿಬ್ಬ ಮಾಡಿ ಮೊಟ್ಟೆ ಹೂತಿಡುತ್ತದೆ. ಎಲೆ ಕೊಳೆಯುವ ಬಿಸಿಗೇ ಮರಿಯಾಗುತ್ತದೆ. ಮರಿ ತಾನೇ ಮಣ್ಣು ಕೆದರಿಕೊಂಡು ಹೊರಬಂದು, ಅಪ್ಪ ಅಮ್ಮನಿಗೂ ಕಾಯದೆ ಕಾಡಿನೊಳಗೆ ನಡೆದುಬಿಡುತ್ತದೆ. ಇಷ್ಟು ಸ್ವಾವಲಂಬಿ ಪ್ರಜೆ ಇನ್ನೆಲ್ಲಿ ಸಿಕ್ಕಾನು? ರೇಷನ್ ಕಾರ್ಡ್ ಕೇಳಲ್ಲ, ಸಬ್ಸಿಡಿ ಕೇಳಲ್ಲ. ಕೇಳುವುದು ಒಂದಿಷ್ಟು ತರಗೆಲೆ. ಹರಿಯಾಣದ ಸಸಿಗಳು ಬೆಳೆದು ಎಲೆ ಉದುರಿಸಿದಾಗ ಪಾರ್ಸೆಲ್ ಮಾಡುತ್ತಾರೋ ಏನೋ.

ಇನ್ನು ಬಂದರು ಕಟ್ಟುವ ಗಲಾಥಿಯಾ ಕೊಲ್ಲಿ. ಅದು ಅಭಯಾರಣ್ಯವಾಗಿತ್ತು. 2021ರ ಜನವರಿಯಲ್ಲಿ ಆ ಪಟ್ಟ ಕಿತ್ತುಹಾಕಲು ಒಪ್ಪಿಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಡಲಾಮೆಗಳ ರಕ್ಷಣೆಗೆ ಕ್ರಿಯಾ ಯೋಜನೆ ಹೊರತಂದಿತು. ಆಮೆ ಮೊಟ್ಟೆಯಿಡುವ ಮುಖ್ಯ ಜಾಗಗಳ ಸಾಲಿನಲ್ಲಿ ಇದೇ ಗಲಾಥಿಯಾ! ಅದನ್ನು ಟೈಪ್ ಮಾಡಿದವರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ ಅಂತ ಕಾಣುತ್ತದೆ.

ಹಾಗಂತ ಪ್ರಾಣಿಗಳನ್ನು ಬೀದಿಗೆ ಬಿಟ್ಟಿಲ್ಲ. 2022ರಲ್ಲಿ ದ್ವೀಪದ ಆಡಳಿತ ಮೂರು ಅಭಯಾರಣ್ಯ ಮಾಡುವುದಾಗಿ ಪ್ರಕಟಿಸಿತು. ಆಮೆಗೆ ಲಿಟಲ್ ನಿಕೋಬಾರ್, ಮೆಗಾಪೋಡಿಗೆ ಮೆಂಚಲ್ ದ್ವೀಪ, ಹವಳಕ್ಕೆ ಮೆರೋ ದ್ವೀಪ. ಸೈಟ್ ಹಂಚಿಕೆ ಮುಗಿಯಿತು. ಅಲಾಟ್‌ಮೆಂಟ್ ಪತ್ರ ತಲುಪಿಸುವುದೊಂದು ಬಾಕಿ.

ಅಲ್ಲೇ ಇರುವುದು ಫಜೀತಿ. ಲೆದರ್‌ಬ್ಯಾಕ್ ಆಮೆ ಸಾವಿರಾರು ಕಿ.ಮೀ. ಈಜಿ ತನಗೆ ಗೊತ್ತಿರುವ ಕರಾವಳಿಗೇ ಬರುವ ಹಟಮಾರಿ. 2004ರ ಸುನಾಮಿ ಗಲಾಥಿಯಾದ ಮರಳನ್ನೇ ಕೊಚ್ಚಿಕೊಂಡು ಹೋಯಿತು. ಮರಳು ಮತ್ತೆ ಕೂಡಿತು, ಆಮೆಗಳೂ ಮತ್ತೆ ಬಂದವು. ಸುನಾಮಿ ಕೊಟ್ಟ ನೋಟಿಸಿಗೇ ಜಗ್ಗದ ಪ್ರಾಣಿ ಗೆಜೆಟ್ ಓದೀತೇ?

ನನ್ನದೊಂದು ಸಲಹೆ. ದಡದಲ್ಲಿ ಒಬ್ಬ ಗುಮಾಸ್ತರನ್ನು ನೈಟ್ ಡ್ಯೂಟಿಗೆ ಕೂರಿಸಿ. "ಮೇಡಂ, ನಿಮ್ಮ ಬೀಚ್ ಚೇಂಜ್ ಆಗಿದೆ. ಹಾಗೇ ಉತ್ತರಕ್ಕೆ ಹೋಗಿ" ಅಂತ ವಿನಯವಾಗಿ ಹೇಳಿದರೆ ಸಾಕು. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬಂದ, 300 ಕೆ.ಜಿ. ದಾಟಿದ ಹೆಣ್ಣಿಗೆ ಇದನ್ನು ಹೇಳಬೇಕಾದ್ದರಿಂದ ಅವರ ರಿಸ್ಕ್ ಅಲೋಯನ್ಸ್ ಸ್ವಲ್ಪ ಜಾಸ್ತಿಯೇ ಇರಲಿ.