ಸಹಿ ಮಾಡದವರಿಗೆ ಜಾಮೀನು ನಿಂತ ಸೇನೆ

ನೆರೆಯ ದೇಶದಲ್ಲಿ ಗಲಭೆ ಎದ್ದರೆ ಸಾಕು, "ನಮ್ಮ ಸೇನೆ ಕಳಿಸಿ, ಎರಡು ದಿನದ ಕೆಲಸ" ಎಂಬ ಪೋಸ್ಟ್‌ಗಳು ಶುರುವಾಗುತ್ತವೆ. 2018ರ ಫೆಬ್ರುವರಿಯಲ್ಲಿ ಮಾಲ್ಡೀವ್ಸ್‌ನಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ಅಲ್ಲಿನ ಮಾಜಿ ಅಧ್ಯಕ್ಷ ನಶೀದ್ ಅವರೇ, ಸೇನಾಬಲದ ಬೆಂಬಲವಿರುವ ದೂತರನ್ನು ಕಳಿಸಿ ಎಂದು ದೆಹಲಿಯನ್ನು ಕೇಳಿದ್ದರು. 2022ರಲ್ಲಿ ಕೊಲಂಬೊದಲ್ಲಿ ಜನ ಬೀದಿಗಿಳಿದಾಗ ಭಾರತದ ಸೇನೆ ಬರುತ್ತಿದೆ ಎಂಬ ವದಂತಿ ಎಷ್ಟು ಹಬ್ಬಿತೆಂದರೆ ನಮ್ಮ ಹೈಕಮಿಷನ್ ಅದನ್ನು ಅಧಿಕೃತವಾಗಿ ಅಲ್ಲಗಳೆಯಬೇಕಾಯಿತು. ಎರಡೂ ಸಲ ಸೇನೆ ಹೋಗಲಿಲ್ಲ. ಅದು ನಮ್ಮ ಹೇಡಿತನ ಎಂದು ಬರೆದವರಿದ್ದಾರೆ. ಹೋಗದಿದ್ದದ್ದೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಓದಿ.

"ಎರಡು ದಿನದ ಕೆಲಸ" ಅನ್ನುವುದು ಪೂರ್ತಿ ಸುಳ್ಳಲ್ಲ. 1988ರ ನವೆಂಬರ್ 3ರ ರಾತ್ರಿ ಆಗ್ರಾದಿಂದ ಹೊರಟ ಐಎಲ್-76 ವಿಮಾನಗಳು ನಮ್ಮ ಪ್ಯಾರಾ ಬ್ರಿಗೇಡ್‌ನ ಜವಾನರನ್ನು ದಂಗೆ ಎದ್ದಿದ್ದ ಮಾಲ್ಡೀವ್ಸ್‌ನ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿಸಿದವು. ಬೆಳಗಾಗುವುದರೊಳಗೆ ಮಾಲೆಯಲ್ಲಿ ಅಧ್ಯಕ್ಷ ಗಯೂಮ್ ಸುರಕ್ಷಿತರಾಗಿದ್ದರು. ಹಡಗಿನಲ್ಲಿ ಓಡಿದ ದಂಗೆಕೋರರನ್ನು ನೌಕಾಪಡೆ ಸಮುದ್ರದಲ್ಲೇ ಹಿಡಿಯಿತು. ಆದರೆ ಅದೇ ರಾತ್ರಿ, ಅಲ್ಲಿಂದ ಕೆಲವೇ ನೂರು ಕಿಲೋಮೀಟರ್ ದೂರದ ಶ್ರೀಲಂಕಾದಲ್ಲಿ ನಮ್ಮದೇ ನಾಲ್ಕು ಡಿವಿಷನ್‌ಗಳು ಸಿಕ್ಕಿಹಾಕಿಕೊಂಡು ಹದಿನೈದು ತಿಂಗಳು ಕಳೆದಿತ್ತು. ಅವು ಪೂರ್ತಿ ಹೊರಬರಲು ಇನ್ನೂ ಹದಿನಾರು ತಿಂಗಳು ಬೇಕಾಯಿತು. ದೇಶ ಅದೇ, ಪ್ರಧಾನಿ ಅವರೇ, ಸೇನೆಯೂ ಅದೇ. ಹಾಗಾಗಿ ಜವಾನರ ಧೈರ್ಯ, ತರಬೇತಿ ಎಂದೆಲ್ಲ ವಾದ ಮಾಡುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ.

ಶ್ರೀಲಂಕಾ ಕಥೆಯ ಮೊದಲ ಅಧ್ಯಾಯಕ್ಕೆ ನಮ್ಮ ಬೆಂಗಳೂರೂ ಸಾಕ್ಷಿ. 1987ರ ಜೂನ್‌ ಮೊದಲ ವಾರ, ಜಾಫ್ನಾ ಪರ್ಯಾಯದ್ವೀಪದ ವಡಮರಾಚ್ಚಿಯಲ್ಲಿ ತಮಿಳು ಉಗ್ರಗಾಮಿಗಳ ವಿರುದ್ಧ ಶ್ರೀಲಂಕಾ ಸೇನೆಯ ಕಾರ್ಯಾಚರಣೆ ನಡೆದಿತ್ತು. ಪರಿಹಾರ ಸಾಮಗ್ರಿ ಹೊತ್ತ ನಮ್ಮ ದೋಣಿಗಳನ್ನು ಅವರ ನೌಕಾಪಡೆ ತಡೆದು ವಾಪಸ್ ಕಳಿಸಿತು. ಜೂನ್ 4ರಂದು ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದ ಹಾರಿ, ಮಿರಾಜ್-2000 ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾ ಮೇಲೆ ಸುಮಾರು 25 ಟನ್ ಸಾಮಗ್ರಿ ಬೀಳಿಸಿದವು. ಊರಿನ ಹಸಿವಿಗೆ 25 ಟನ್ ಏನೂ ಅಲ್ಲ. ಕೊಲಂಬೊಗೆ ಮುಟ್ಟಬೇಕಾದ ಮಾತು ಮಾತ್ರ ಮುಟ್ಟಿತು. ಎಂಟು ವಾರದೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು.

ಆ ಒಪ್ಪಂದವನ್ನು ಇವತ್ತು ಓದಿದರೂ ಎದೆ ಧಸಕ್ಕೆನ್ನುತ್ತದೆ. 48 ಗಂಟೆಯೊಳಗೆ ಕದನವಿರಾಮ, ಅದಾದ 72 ಗಂಟೆಯೊಳಗೆ ಉಗ್ರಗಾಮಿ ಗುಂಪುಗಳೆಲ್ಲ ಶಸ್ತ್ರ ಒಪ್ಪಿಸಬೇಕು. ಇದೆಲ್ಲ ನಡೆಯುವಂತೆ ನೋಡಿಕೊಳ್ಳುವ ಖಾತರಿ ಭಾರತದ್ದು. ಶಸ್ತ್ರ ಒಪ್ಪಿಸಬೇಕಾದ, ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಯ ಸಹಿ ಮಾತ್ರ ಅದರಲ್ಲಿಲ್ಲ. ಸಾಲಪತ್ರಕ್ಕೆ ಸಹಿಯನ್ನೇ ಮಾಡದವನ ಪರವಾಗಿ ನಾವು ಜಾಮೀನು ನಿಂತೆವು. ಅವನು ಕೊಡದಿದ್ದರೆ ನಮ್ಮ ಮನೆಯ ಪಾತ್ರೆಪಗಡ ಹರಾಜಾಗುತ್ತದೆ ಎಂದು ಹಳ್ಳಿಯ ಯಾವ ಹಿರಿಯರನ್ನು ಕೇಳಿದ್ದರೂ ಹೇಳುತ್ತಿದ್ದರು. ಆಗಸ್ಟ್ 4ರಂದು ಸುದುಮಲೈ ಸಭೆಯಲ್ಲಿ ಅದರ ನಾಯಕ ಪ್ರಭಾಕರನ್ ತನಗೆ ಈ ಒಪ್ಪಂದ ಇಷ್ಟವಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ. ಆಮೇಲೆ ಒಪ್ಪಿಸಿದ ಬಂದೂಕುಗಳು ತೋರಿಕೆಗೆ ಸಾಕಾಗುವಷ್ಟು ಮಾತ್ರ.

ಜಯವರ್ಧನೆಯವರಿಗೆ ಇದರಿಂದ ಆದ ಲಾಭವನ್ನು ಮರೆಯಬಾರದು. ದಕ್ಷಿಣದಲ್ಲಿ ಸಿಂಹಳ ಎಡಪಂಥೀಯ ಪಕ್ಷ ಜೆವಿಪಿಯ ದಂಗೆ ಏಳುತ್ತಿತ್ತು. ಉತ್ತರದ ಹೊರೆ ನಮ್ಮ ತಲೆಗೆ ಬಂದದ್ದರಿಂದ ಅವರ ಸೈನ್ಯ ದಕ್ಷಿಣಕ್ಕೆ ತಿರುಗಲು ಬಿಡುವಾಯಿತು. ಕರೆದವನಿಗೆ ನಮ್ಮಿಂದ ಬೇಕಾದ್ದೇನು ಎಂಬ ಪ್ರಶ್ನೆಯನ್ನು ವಿಮಾನ ಹತ್ತುವ ಮೊದಲೇ ಕೇಳಬೇಕಿತ್ತು.

ನಮ್ಮವರು ಹೋದದ್ದು ಶಾಂತಿಪಾಲನೆಗೆ. ಹೆಸರೇ ಭಾರತೀಯ ಶಾಂತಿಪಾಲನಾ ಪಡೆ. ಸಿಕಂದರಾಬಾದಿನ 54ನೇ ಪದಾತಿ ಡಿವಿಷನ್ ಅವಸರದಲ್ಲಿ ಹೊರಟಿತು. ಹಲವು ಬೆಟಾಲಿಯನ್‌ಗಳಲ್ಲಿ ಪೂರ್ತಿ ಜನ ಇರಲಿಲ್ಲ, ಒಳ್ಳೆಯ ನಕ್ಷೆಗಳಿರಲಿಲ್ಲ, ತಮಿಳು ಬಲ್ಲವರು ಬೆರಳೆಣಿಕೆಯಷ್ಟು. ನಮ್ಮ ಗುಪ್ತಚರ ಸಂಸ್ಥೆಯೇ ತರಬೇತಿ ಕೊಟ್ಟ ಹುಡುಗರು ನಮ್ಮ ಮೇಲೆ ಗುಂಡು ಹಾರಿಸಲಾರರು ಎಂಬ ನಂಬಿಕೆ ದೆಹಲಿಯಲ್ಲಿತ್ತು. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆಯ ಕೈಗೆ ಸಿಕ್ಕ 17 ಮಂದಿ ಎಲ್‌ಟಿಟಿಇಯವರನ್ನು ಕೊಲಂಬೊಗೆ ಒಯ್ಯಲು ಹೊರಟಾಗ ಅವರು ಸಯನೈಡ್ ನುಂಗಿದರು. ಅವರ ನಾಯಕರಾದ ಪುಲೇಂದ್ರನ್, ಕುಮಾರಪ್ಪ ಸೇರಿ 12 ಮಂದಿ ಸತ್ತರು. ಒಂದು ವಾರದೊಳಗೆ ನಾವು ಯುದ್ಧದಲ್ಲಿದ್ದೆವು. ಇಳಿದು ಎಪ್ಪತ್ತು ಚಿಲ್ಲರೆ ದಿನಗಳಲ್ಲಿ ಕೆಲಸ ತಲೆಕೆಳಗಾಗಿತ್ತು. ಬಂದೂಕು, ನಕ್ಷೆ, ಜನಬಲ ಮಾತ್ರ ಮೊದಲಿನ ಕೆಲಸಕ್ಕೆ ಕೊಟ್ಟವೇ ಆಗಿದ್ದವು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡೆದದ್ದನ್ನು ವಿವರವಾಗಿ ನೋಡಬೇಕು, ಏಕೆಂದರೆ ಇಡೀ ಮೂರು ವರ್ಷದ ತಪ್ಪು ಅಲ್ಲೇ ಇದೆ. ಎಲ್‌ಟಿಟಿಇ ನಾಯಕರನ್ನು ಒಮ್ಮೆಲೇ ಹಿಡಿಯುವ ಯೋಜನೆ. ಮೊದಲು 10 ಪ್ಯಾರಾ ಕಮಾಂಡೊದ 103 ಮಂದಿ, ಹಿಂದೆಯೇ 13 ಸಿಖ್ ಲೈಟ್ ಇನ್‌ಫೆಂಟ್ರಿಯ ತುಕಡಿಗಳು, ಎಂಐ-8 ಹೆಲಿಕಾಪ್ಟರ್‌ಗಳಲ್ಲಿ ಸರದಿ ಮೇಲೆ ಇಳಿಯಬೇಕಿತ್ತು. ನಮ್ಮ ರೇಡಿಯೊ ಮಾತುಕತೆಯನ್ನು ಎದುರಾಳಿಗಳು ಕೇಳಿಸಿಕೊಂಡಿದ್ದರು, ಮೈದಾನದ ಸುತ್ತ ಮಷೀನ್‌ಗನ್ ಹೂಡಿ ಕಾಯುತ್ತಿದ್ದರು. ಹೆಲಿಕಾಪ್ಟರ್‌ಗಳಿಗೆ ಎಷ್ಟು ಏಟು ಬಿತ್ತೆಂದರೆ ಮುಂದಿನ ಸರದಿಗಳು ನಿಂತೇ ಹೋದವು. ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದೇ ಪ್ಲಟೂನ್, 30 ಜನ, ಕೆಳಗೆ ಉಳಿದರು. ಗುಂಡು ಮುಗಿಯುವವರೆಗೆ ಕಾದಾಡಿದರು. 29 ಮಂದಿ ಸತ್ತರು, ಒಬ್ಬ ಸೆರೆ ಸಿಕ್ಕ. ಕಮಾಂಡೊಗಳನ್ನು ಬಿಡಿಸಲು ಹೋದ ಟಿ-72 ಟ್ಯಾಂಕ್‌ಗಳು ರಸ್ತೆ ಬಿಟ್ಟು ರೈಲು ಹಳಿಯ ಮೇಲೆ ಸಾಗಿದವು, ಏಕೆಂದರೆ ರಸ್ತೆಯ ತುಂಬ ನೆಲಬಾಂಬ್.

ಕೈಯಲ್ಲಿದ್ದ ಆಯುಧದ ಲೆಕ್ಕವನ್ನೂ ನೋಡಿ. ನಮ್ಮ ಜವಾನನ ಎಸ್‌ಎಲ್‌ಆರ್ ರೈಫಲ್ ನಾಲ್ಕು ಕಿಲೋಗೂ ಹೆಚ್ಚು ಭಾರ, 20 ಗುಂಡಿನ ಮ್ಯಾಗಜೀನ್, ಒಂದು ಸಲ ಒತ್ತಿದರೆ ಒಂದೇ ಗುಂಡು. ದೂರದ ಗುರಿಗೆ ಅದು ಒಳ್ಳೆಯ ಬಂದೂಕು. ಜಾಫ್ನಾದ ಓಣಿಗಳಲ್ಲಿ ತಾಳೆಗರಿಯ ಬೇಲಿಯಾಚೆ ಇಪ್ಪತ್ತು ಅಡಿ ದೂರದಲ್ಲಿ ನಿಂತ ಹುಡುಗನ ಕೈಯಲ್ಲಿ 30 ಗುಂಡು ಸುರಿಸುವ ಎಕೆ-47.

ಇಷ್ಟಾದರೂ ಪಟ್ಟಣ ಎರಡೇ ಚಿಲ್ಲರೆ ವಾರದಲ್ಲಿ ನಮ್ಮ ಕೈಗೆ ಬಂತು. ಆದರೆ ಅದರ ನಡುವೆ, ಅಕ್ಟೋಬರ್ 21 ಮತ್ತು 22ರಂದು, ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಮಂದಿ ನಮ್ಮ ಪಡೆಯ ಗುಂಡಿಗೆ ಬಲಿಯಾದರು. ಸೇನೆಯನ್ನು ಪ್ರೀತಿಸುವ ನಮಗೆ ಇದನ್ನು ಬರೆಯಲು ಕಷ್ಟ, ಆದರೆ ಬರೆಯದೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಆಗಸ್ಟ್‌ನಲ್ಲಿ ಹಾರ ಹಾಕಿ ಬರಮಾಡಿಕೊಂಡ ಊರು ಆಮೇಲೆ ಒಂದು ಸುಳಿವನ್ನೂ ಕೊಡಲಿಲ್ಲ.

ಸುಳಿವಿಲ್ಲದ ಸೇನೆಯ ದಿನಚರಿ ಹೀಗಿರುತ್ತದೆ. ಬೆಳಗಿನ ಜಾವ ರಸ್ತೆ ತೆರೆಯುವ ತಂಡ ಕಾಲ್ನಡಿಗೆಯಲ್ಲಿ ಹೊರಡಬೇಕು. ಪ್ರತಿ ಮೋರಿಯ ಕೆಳಗೆ ಬಗ್ಗಿ ನೋಡಬೇಕು, ಹೊಸದಾಗಿ ಅಗೆದ ಮಣ್ಣು, ಬೇಲಿಯ ಬುಡದಲ್ಲಿ ಹಾಯ್ದ ತಂತಿ ಹುಡುಕಬೇಕು. ಉದ್ದಕ್ಕೂ ಕಾವಲು ನಿಲ್ಲಿಸಬೇಕು. ಆಮೇಲೆ ರೇಷನ್ ಲಾರಿಗಳ ಸಾಲು ಹೊರಡುತ್ತದೆ. ಸಂಜೆ ಕಾವಲು ಹಿಂತೆಗೆದ ಕ್ಷಣದಿಂದ ರಸ್ತೆ ಮತ್ತೆ ಅವರದು. ಮರುದಿನ ಮೊದಲಿಂದ ಶುರು. ಒಂದು ಬೆಟಾಲಿಯನ್‌ನ ದೊಡ್ಡ ಪಾಲು ತನ್ನ ಅನ್ನ, ನೀರು, ಟಪಾಲು ತನಗೆ ತಲುಪುವಂತೆ ನೋಡಿಕೊಳ್ಳುವುದರಲ್ಲೇ ಸವೆದುಹೋಗುತ್ತದೆ. ಶತ್ರುವನ್ನು ಹುಡುಕಲು ಉಳಿಯುವವರು ಎಷ್ಟು ಮಂದಿ?

ಇನ್ನಷ್ಟು ಸೈನಿಕರನ್ನು ಕಳಿಸಿದ್ದರೆ ಗೆಲ್ಲುತ್ತಿದ್ದೆವು ಎನ್ನುವವರಿಗೆ ಒಂದು ಲೆಕ್ಕ. ಅಮೆರಿಕದ ಸೇನೆ 2006ರಲ್ಲಿ ಪ್ರಕಟಿಸಿದ ಬಂಡಾಯ ನಿಗ್ರಹ ಕೈಪಿಡಿಯ ಪ್ರಕಾರ ಪ್ರತಿ ಸಾವಿರ ಜನಕ್ಕೆ ಕನಿಷ್ಠ 20 ಮಂದಿ ಭದ್ರತಾ ಸಿಬ್ಬಂದಿ ಬೇಕು. 1981ರ ಜನಗಣತಿಯಂತೆ ಶ್ರೀಲಂಕಾದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಜನಸಂಖ್ಯೆ ಸುಮಾರು 21 ಲಕ್ಷ. ನಮ್ಮ ಪಡೆ ಹೆಚ್ಚೆಂದರೆ ಸುಮಾರು 80,000 ಇತ್ತು. ಭಾಗಿಸಿ ನೋಡಿ, ಸಾವಿರಕ್ಕೆ 38. ಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ಆಗಲಿಲ್ಲ.

ಆಗದಿರಲು ಮುಖ್ಯ ಕಾರಣ ಮೂರು, ಮೂರನೆಯದೇ ದೊಡ್ಡದು. ಒಂದು, ಹಿಂಬಾಗಿಲು ತೆರೆದಿತ್ತು. ಪಾಕ್ ಜಲಸಂಧಿಯ ಈಚೆ ದಡದ ತಮಿಳುನಾಡಿನಲ್ಲಿ ಎಲ್‌ಟಿಟಿಇಗೆ ಆಶ್ರಯವಿತ್ತು. ಅದರ ಹಿರಿಯ ನಾಯಕ ಕಿಟ್ಟು, ನಮ್ಮ ಹುಡುಗರು ಜಾಫ್ನಾದಲ್ಲಿ ಸಾಯುತ್ತಿರುವಾಗ, 1988ರವರೆಗೂ ಮದ್ರಾಸಿನಲ್ಲೇ ಇದ್ದ. ಎರಡು, ಕರೆದವರು ಬದಲಾದರು. 1989ರ ಜನವರಿಯಲ್ಲಿ ಅಧ್ಯಕ್ಷರಾದ ಪ್ರೇಮದಾಸ ನಮ್ಮನ್ನು ಹೊರಡಿ ಎಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡಲು ಎಲ್‌ಟಿಟಿಇಗೆ ಶಸ್ತ್ರವನ್ನೂ ಕೊಟ್ಟರು.

ಮೂರನೆಯದು, ನಾವು ಗೆದ್ದ ನೆಲವನ್ನು ಯಾರ ಕೈಗೆ ಕೊಡುವುದು? ಎಲ್‌ಟಿಟಿಇಯ ಎದುರಾಳಿ ತಮಿಳು ಗುಂಪಾದ ಇಪಿಆರ್‌ಎಲ್‌ಎಫ್‌ನ ವರದರಾಜ ಪೆರುಮಾಳ್ ಮುಖ್ಯಮಂತ್ರಿಯಾದ ಪ್ರಾಂತೀಯ ಸರ್ಕಾರ ನಮ್ಮ ಕಾವಲಿನಲ್ಲಿ ಮಾತ್ರ ಉಸಿರಾಡುತ್ತಿತ್ತು. ಅದರ ರಕ್ಷಣೆಗೆಂದು ಕೊನೆಯ ತಿಂಗಳುಗಳಲ್ಲಿ 'ತಮಿಳು ರಾಷ್ಟ್ರೀಯ ಸೇನೆ' ಕಟ್ಟಲಾಯಿತು. ಹದಿಹರೆಯದ ಹುಡುಗರನ್ನು ಬೀದಿಯಿಂದ ಎಳೆದು ತಂದು ಬಂದೂಕು ಕೊಟ್ಟರು. ನಾವು ಒಂದೊಂದು ಜಿಲ್ಲೆ ಬಿಟ್ಟಂತೆ ಆ ಹುಡುಗರನ್ನು ಎಲ್‌ಟಿಟಿಇ ಕೊಂದಿತು, ಬಂದೂಕುಗಳನ್ನು ತನ್ನದಾಗಿಸಿಕೊಂಡಿತು. ಈ ಒಂದು ಪಾಪಕ್ಕೆ ನಾವು ಇನ್ನೂ ಸರಿಯಾಗಿ ಲೆಕ್ಕ ಕೊಟ್ಟಿಲ್ಲ.

ಮುಂದೆ ಇದೇ ದೃಶ್ಯ ಕಾಬೂಲಿನಲ್ಲಿ ಕಂಡಿತು. ಅಫ್ಘನ್ ಪೈಲಟ್‌ಗಳು ವರ್ಷಗಟ್ಟಲೆ ಪಳಗಿದ್ದು ರಷ್ಯಾದ ಎಂಐ-17ರಲ್ಲಿ. ಅಮೆರಿಕ ಅವರಿಗೆ ಬ್ಲ್ಯಾಕ್‌ಹಾಕ್ ಕೊಟ್ಟಿತು, ರಿಪೇರಿಗೆ ವಿದೇಶಿ ಗುತ್ತಿಗೆ ಕಂಪನಿಗಳೇ ಬೇಕಾದವು. 2021ರಲ್ಲಿ ಆ ಮೆಕ್ಯಾನಿಕ್‌ಗಳು ಹೊರಟಾಗ ಹೆಲಿಕಾಪ್ಟರ್‌ಗಳು ನೆಲಕ್ಕಂಟಿದವು. ಹೆಲಿಕಾಪ್ಟರ್ ಇಲ್ಲದೆ ದೂರದ ಠಾಣೆಗೆ ಮದ್ದುಗುಂಡು ಇಲ್ಲ, ಗಾಯಾಳುವಿಗೆ ಆಸ್ಪತ್ರೆ ಇಲ್ಲ. ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ಸೋವಿಯತ್ ಸೇನೆ 1989ರ ಫೆಬ್ರುವರಿ 15ರಂದು ಹೊರಟ ಮೇಲೆ ಕಾಬೂಲಿನ ನಜೀಬುಲ್ಲಾ ಸರ್ಕಾರ ಮೂರು ವರ್ಷ ಬಾಳಿದ್ದು ಹಲವರಿಗೆ ಗೊತ್ತಿಲ್ಲ. ಮಾಸ್ಕೊದಿಂದ ಇಂಧನ, ಧಾನ್ಯ, ಹಣ ಬರುತ್ತಿತ್ತು. ಸೋವಿಯತ್ ಒಕ್ಕೂಟ ಮುಳುಗಿತು, ನೆರವು ನಿಂತಿತು, 1992ರ ಏಪ್ರಿಲ್‌ನಲ್ಲಿ ಅವನೂ ಹೋದ.

ಹಾಗಾದರೆ 1971? ಅದನ್ನು ನೆನೆದು ಎದೆಯುಬ್ಬುವುದು ನ್ಯಾಯವೇ. ಆದರೆ ಅದು ಗೆದ್ದದ್ದು ಹೇಗೆಂದೂ ನೆನೆಯಬೇಕು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮಲ್ಲಿಗೆ ಬಂದಿದ್ದರು, ಕೈಕಟ್ಟಿ ಕೂರುವ ಆಯ್ಕೆಯೇ ಇರಲಿಲ್ಲ. ಸೇನಾ ಮುಖ್ಯಸ್ಥ ಮಾಣೆಕ್‌ಷಾ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಒಲ್ಲೆ ಎಂದರು. ಮಳೆಗಾಲದ ನದಿಗಳು ಇಳಿಯಬೇಕು, ಚೀನಾ ಕಡೆಯ ಕಣಿವೆಗಳಲ್ಲಿ ಹಿಮ ಮುಚ್ಚಬೇಕು. ಬಾಂಗ್ಲಾ ಹೋರಾಟಗಾರರ ಮುಕ್ತಿವಾಹಿನಿ ಒಳಗಿತ್ತು, ಚುನಾವಣೆ ಗೆದ್ದವರ ಸರ್ಕಾರ ಅಧಿಕಾರ ವಹಿಸಲು ಸಿದ್ಧವಾಗಿತ್ತು. ಡಿಸೆಂಬರ್ 16ಕ್ಕೆ ಶರಣಾಗತಿ, ಮಾರ್ಚ್ 1972ರೊಳಗೆ ನಮ್ಮ ಸೇನೆ ವಾಪಸ್. ಮಾಲೆಯಲ್ಲೂ ಹಾಗೆಯೇ: ಸರ್ಕಾರ ಇತ್ತು, ಉಳಿಸಿದರೆ ಸಾಕಿತ್ತು. ಹೊಸದಾಗಿ ಯಾರನ್ನೂ ಕಟ್ಟಬೇಕಾಗಿರಲಿಲ್ಲ.

ಶ್ರೀಲಂಕಾದಲ್ಲಿ ಕಳೆದುಕೊಂಡದ್ದೆಷ್ಟು? ಸುಮಾರು 1,200 ಜವಾನರು, ಗಾಯಗೊಂಡವರು ಸಾವಿರಾರು. ಕಾಂತರೋಡೈಯಲ್ಲಿ ಮಡಿದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹೊರಟು ಮದ್ರಾಸಿಗೆ ಬಂದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಹೋಗಲಿಲ್ಲ. ಮರುವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಆ ಸಂಚಿನ ಶಿವರಾಸನ್ ಮತ್ತು ಸಂಗಡಿಗರು ಕೊನೆಗೆ ಅಡಗಿ ಸತ್ತದ್ದು ನಮ್ಮ ಕೋಣನಕುಂಟೆಯ ಮನೆಯೊಂದರಲ್ಲಿ, 1991ರ ಆಗಸ್ಟ್‌ನಲ್ಲಿ. ಈಗ ಮೆಟ್ರೊ ಓಡುವ ಆ ರಸ್ತೆಯಲ್ಲಿ ಹೋಗುವ ಎಷ್ಟು ಮಂದಿಗೆ ಇದು ಗೊತ್ತು?

ಬಂದದ್ದೇನೂ ಇಲ್ಲವೇ ಅಂದರೆ, ಇದೆ. ಒಪ್ಪಂದದಿಂದ ಹುಟ್ಟಿದ, ಪ್ರಾಂತ್ಯಗಳಿಗೆ ಅಧಿಕಾರ ಹಂಚುವ 13ನೇ ತಿದ್ದುಪಡಿ ಇವತ್ತಿಗೂ ಶ್ರೀಲಂಕಾದ ಸಂವಿಧಾನದಲ್ಲಿದೆ, ಅರೆಬರೆ ಜಾರಿಯಾಗಿದ್ದರೂ. ಒಪ್ಪಂದದಂತೆ ಆಗಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ವಿಲೀನವನ್ನು ಮಾತ್ರ ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಆದರೆ ಇದಿಷ್ಟೂ ಜುಲೈ 29ರ ಸಹಿಯಿಂದ ಬಂದದ್ದು, ಅಕ್ಟೋಬರ್‌ನ ಯುದ್ಧದಿಂದಲ್ಲ. ಅದಕ್ಕೇ ಈ ಬೆಲೆ ತೆತ್ತದ್ದು ಸರಿಯಲ್ಲ ಎನ್ನುತ್ತೇನೆ.

ಆಗ ಒಪ್ಪಂದದ ಜೊತೆ ವಿನಿಮಯವಾದ ಪತ್ರಗಳಲ್ಲಿ ಟ್ರಿಂಕೋಮಲಿಯ ತೈಲ ಟ್ಯಾಂಕ್‌ಗಳ ಮಾತೂ ಇತ್ತು. ಬ್ರಿಟಿಷರ ಕಾಲದ 99 ಟ್ಯಾಂಕ್‌ಗಳು. 80,000 ಸೈನಿಕರು ಆ ನೆಲದಲ್ಲಿದ್ದಾಗ ಅದು ಮುಂದೆ ಸಾಗಲಿಲ್ಲ. 2022ರ ಜನವರಿಯಲ್ಲಿ ಕೊಲಂಬೊದಲ್ಲಿ ಕೂತು ಮಾಡಿಕೊಂಡ ಕರಾರಿನಲ್ಲಿ 14 ಟ್ಯಾಂಕ್ ನಮ್ಮ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆ ಲಂಕಾ ಐಒಸಿಗೆ, 61 ಟ್ಯಾಂಕ್ ಜಂಟಿ ಕಂಪನಿಗೆ, ಉಳಿದ 24 ಅವರ ಪೆಟ್ರೋಲಿಯಂ ನಿಗಮಕ್ಕೆ ಎಂದಾಯಿತು. ಅದೇ ವರ್ಷ, ಸೇನೆ ಬರುತ್ತದಂತೆ ಎಂಬ ವದಂತಿಯ ನಡುವೆ, ನಮ್ಮಿಂದ ಅಲ್ಲಿಗೆ ಹೋದದ್ದು ಡೀಸೆಲ್, ಅಕ್ಕಿ, ಔಷಧ ಮತ್ತು ಸಾಲದ ನೆರವು, ಒಟ್ಟು ಸುಮಾರು 400 ಕೋಟಿ ಡಾಲರ್‌ನಷ್ಟು.