ಹಾಸ್ಟೆಲ್ ಕೋಣೆಯಲ್ಲೇ ಬಾಳಿದ ಮೇಷ್ಟ್ರು

ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರನ್ನು ಸ್ಮರಿಸುವ ಲೇಖನವೊಂದನ್ನು ಓದಿದೆ; ಮನಸ್ಸಿಗೆ ಹಿಡಿಸಿತು. ಆದರೆ ಅದರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಅವರು ಮಾಡಿದ ಕೆಲಸಕ್ಕೆ ದೊರೆತಷ್ಟು ಜಾಗ ಅವರ ನಿವೃತ್ತಿಯ ನಂತರದ ವರ್ಷಗಳಿಗೆ ದೊರೆತಿಲ್ಲವೆಂಬುದು ನನ್ನ ಕೊರಗು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದುವ ಹಂಬಲದಿಂದ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಬಂದ ಅವರು, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿದರು. ಮದುವೆಯಾಗದೆ, ಸ್ವಂತ ಮನೆಯನ್ನೂ ಮಾಡಿಕೊಳ್ಳದೆ, 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ಅದೇ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿಯಲ್ಲಿ ಹುಡುಗರ ನಡುವೆಯೇ ಇದ್ದರು. ಪದ್ಮಭೂಷಣ ಬಂದಾಗಲೂ ಆ ಕೋಣೆ ಬದಲಾಗಲಿಲ್ಲ.

1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಲು ಯಾರು ಬೇಕಾದರೂ ಬಂದು ಕೂರಬಹುದಿತ್ತು. ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ಒಯ್ಯುವುದೆಂದರೆ ಇದೇ ಅಲ್ಲವೇ? ಆದರೂ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹಿರಿದಾದದ್ದು, ಮಳೆಯನ್ನೇ ನೆಚ್ಚಿಕೊಂಡ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಲು ಅವರು ಪಟ್ಟ ಶ್ರಮ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಅಲ್ಲಿನ ಮಕ್ಕಳ ನೆನಪುಗಳನ್ನು ಲೇಖಕರು ಕೇಳಿ ಬರೆದುಕೊಂಡು, ಮುಂದೊಂದು ಲೇಖನದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.