ಚಿಕ್ಕಪ್ಪನ ಬಿಸ್ಕತ್ ಡಬ್ಬಿ, ಶಾರ್ಜಾದ ತಿಜೋರಿ

ಹೋದ ಸಲ ರಜೆಗೆ ಬಂದಾಗ ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆಗೆ ಹೋಗಿದ್ದೆ. ಶಾರ್ಜಾದಲ್ಲಿ ಎಷ್ಟು ವರ್ಷ ಇದ್ದರೂ ಬಿಸಿ ಬೆಲ್ಲದ ವಾಸನೆ ಬಂದರೆ ಕಾಲು ತಾನಾಗೇ ಆ ಕಡೆ ತಿರುಗುತ್ತದೆ. ಕೊಪ್ಪರಿಗೆ ಪಕ್ಕ ನಾಲ್ಕು ಜನ ಹುಡುಗರು ಅಚ್ಚಿಗೆ ಬೆಲ್ಲ ತುಂಬುತ್ತಿದ್ದರು. ಉತ್ತರ ಪ್ರದೇಶದವರು. ಈಗ ನಮ್ಮ ಕಡೆ ಆಲೆಮನೆಗಳಲ್ಲಿ ಹಿಂದಿ ಕೇಳೋದು ಹೊಸದೇನಲ್ಲ. ಊರಿನ ಹುಡುಗರು ಬೆಂಗಳೂರಿನಲ್ಲಿದ್ದಾರೆ, ನಾನು ಶಾರ್ಜಾದಲ್ಲಿ.

ಅವರಲ್ಲೊಬ್ಬ ಕೈ ಒರೆಸಿಕೊಂಡು ಬಂದು, ಸಿಮ್ ತಗೋಬೇಕು, ಆಧಾರ್ ಬೇಕು ಅಂದ. ಚಿಕ್ಕಪ್ಪ ಗೂಡಿನಿಂದ ಹಳೇ ಬಿಸ್ಕತ್ ಡಬ್ಬಿ ತೆಗೆದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಆಧಾರ್ ಕಾರ್ಡ್, ಕೆಳಗೆ ಮುಂಗಡದ ಲೆಕ್ಕ ಬರೆದ ನೋಟ್‌ಬುಕ್ಕು. ಒಂದು ಕಾರ್ಡ್ ಎಳೆದು ಕೊಟ್ಟು, ಸಾಯಂಕಾಲಕ್ಕೆ ವಾಪಸ್ ತರಬೇಕು ಅಂತ ಹೇಳಿ ಕಳಿಸಿದರು.

"ಅವರ ಕಾರ್ಡ್ ನಿಮ್ಮ ಹತ್ರ ಯಾಕೆ ಚಿಕ್ಕಪ್ಪ?"

"ಮುಂಗಡ ಕೊಟ್ಟಿವ್ನಿ ಕಣ್ಲಾ. ರಾತ್ರೋರಾತ್ರಿ ಎದ್ದೋದ್ರೆ ನೀನ್ ಕಟ್ಕೊಡ್ತೀಯಾ?"

ನಾನು ಸುಮ್ಮನಾದೆ. ಇದೇ ಮಾತನ್ನು ಬೇರೆ ಭಾಷೆಯಲ್ಲಿ ಕೇಳಿದ್ದೆ. ಶಾರ್ಜಾದಲ್ಲಿ ನನ್ನ ಮೊದಲ ಕಂಪನಿ ನನ್ನ ಪಾಸ್‌ಪೋರ್ಟನ್ನು ಎರಡು ವರ್ಷ ತಿಜೋರಿಯಲ್ಲಿ ಇಟ್ಟುಕೊಂಡಿತ್ತು. ವೀಸಾಕ್ಕೆ ಖರ್ಚು ಮಾಡಿದ್ದೀವಿ, ಓಡಿಹೋದರೆ ನಮಗೆ ನಷ್ಟ ಅನ್ನೋದು ಅವರ ವಾದ. ಅಲ್ಲಿನ ಕಾನೂನಿನ ಪ್ರಕಾರ ಮಾಲೀಕ ಹಾಗೆ ಇಟ್ಟುಕೊಳ್ಳುವಂತಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಪ್ಪನಿಗೆ ಆಪರೇಷನ್ ಅಂತ ಫೋನ್ ಬಂದಾಗ ಆ ಪಾಸ್‌ಪೋರ್ಟ್ ಕೈಗೆ ಸಿಗಲು ಮೂರು ದಿನ ಹಿಡಿಯಿತು.

ನನ್ನದನ್ನು ಯಾರೂ ಮಾನವ ಕಳ್ಳಸಾಗಣೆ ಅನ್ನಲ್ಲ, ನಾನೂ ಅನ್ನಲ್ಲ. ಆದರೆ ಆ ಹಗ್ಗದ ಮೊದಲ ಗಂಟು ಇದೇ. ಕಾಗದ ಪತ್ರ ಕಿತ್ತುಕೊಳ್ಳೋದು, ಸಾಲ ತೋರಿಸೋದು.

ಅಮೆರಿಕದ ವಿದೇಶಾಂಗ ಇಲಾಖೆ 2001ರಿಂದ ವರ್ಷಕ್ಕೊಂದು ವರದಿ ತರುತ್ತದೆ. ಮನುಷ್ಯರನ್ನು ಮಾರುವ, ಜೀತಕ್ಕೆ ಹಾಕುವ ದಂಧೆ ತಡೆಯಲು ಯಾವ ಸರ್ಕಾರ ಎಷ್ಟು ಕೆಲಸ ಮಾಡಿದೆ ಅಂತ ನೋಡಿ ದರ್ಜೆ ಕೊಡುತ್ತದೆ. ಒಂದು, ಎರಡು, ಎರಡರಲ್ಲೇ ಕೆಳಗೆ ಒಂದು ನಿಗಾ ಪಟ್ಟಿ, ಕೊನೆಗೆ ಮೂರು. ಮೂರಕ್ಕೆ ಬಿದ್ದರೆ ಕೆಲವು ಬಗೆಯ ಅಮೆರಿಕದ ನೆರವು ನಿಲ್ಲಬಹುದು. ನಮ್ಮ ಕನ್ನಡದವರು ಸೇರಿದಾಗ ಈ ವಿಷಯ ಬಂದರೆ ಒಬ್ಬರಾದರೂ ಸಿಡುಕುತ್ತಾರೆ: ಇವರ್ಯಾರು ನಮಗೆ ಮಾರ್ಕ್ಸ್ ಕೊಡೋಕೆ?

ಕೇಳಬೇಕಾದ ಪ್ರಶ್ನೆಯೇ. ಅಮೆರಿಕ ತನಗೆ ತಾನೇ ದರ್ಜೆ ಕೊಟ್ಟುಕೊಳ್ಳಲು ಶುರು ಮಾಡಿದ್ದು 2010ರಲ್ಲಿ. 2015ರಲ್ಲಿ ಮಲೇಷ್ಯಾದ ಗಡಿ ಕಾಡಿನಲ್ಲಿ ಸಾಗಣೆಯವರ ಶಿಬಿರಗಳು, ಪಕ್ಕದಲ್ಲೇ ಗೋರಿಗಳು ಸಿಕ್ಕವು. ಅದೇ ವರ್ಷದ ವರದಿಯಲ್ಲಿ ಮಲೇಷ್ಯಾ ಮೂರರಿಂದ ಮೇಲಕ್ಕೆ ಬಂತು. ಆಗ ಅಮೆರಿಕ, ಮಲೇಷ್ಯಾ ಎರಡೂ ಒಂದು ದೊಡ್ಡ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿದ್ದವು. ಜನ ಸಂಶಯ ಪಟ್ಟರೆ ತಪ್ಪೇನು?

ಆದರೂ ನಾನು ಈ ಪಟ್ಟಿಯನ್ನು ಪೂರ್ತಿ ತಳ್ಳಿಹಾಕಲ್ಲ. ಕಾರಣ ಒಂಟೆ.

ಶಾರ್ಜಾ ಇರುವ ಯುಎಇಯಲ್ಲಿ ಒಂಟೆ ಓಟ ಅಂದರೆ ನಮ್ಮ ಕಡೆ ಎತ್ತಿನ ಗಾಡಿ ಓಟ ಇದ್ದ ಹಾಗೆ. ಹುಚ್ಚು. ಸವಾರ ಹಗುರ ಇದ್ದಷ್ಟೂ ಒಂಟೆ ಜೋರು. ಹಾಗಾಗಿ ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್‌ನಿಂದ ಚಿಕ್ಕ ಮಕ್ಕಳನ್ನು ತಂದು ಕೂರಿಸುತ್ತಿದ್ದರು. ತೂಕ ಏರಬಾರದು ಅಂತ ಊಟವನ್ನೂ ಅಳೆದು ಹಾಕುತ್ತಿದ್ದರು. ಪಾಕಿಸ್ತಾನದ ಮಾನವ ಹಕ್ಕು ಹೋರಾಟಗಾರ ಅನ್ಸಾರ್ ಬರ್ನಿಯಂಥವರು ವರ್ಷಗಟ್ಟಲೆ ಕೂಗಿದರು. 2005ರಲ್ಲಿ ಯುಎಇ ಮೂರನೇ ದರ್ಜೆಗೆ ಬಿತ್ತು. ಎಣ್ಣೆ ದುಡ್ಡಿನ ದೇಶಕ್ಕೆ ಅಮೆರಿಕದ ನೆರವು ಯಾವ ಲೆಕ್ಕ? ಕುಟುಕಿದ್ದು ಹೆಸರು ಕೆಟ್ಟಿದ್ದು. ಅದೇ ವರ್ಷ ಯುನಿಸೆಫ್ ಜೊತೆ ಒಪ್ಪಂದ ಆಯಿತು, ಸಾವಿರಕ್ಕೂ ಹೆಚ್ಚು ಮಕ್ಕಳು ಊರಿಗೆ ಮರಳಿದರು. 2006ರಲ್ಲಿ ಕಳ್ಳಸಾಗಣೆ ತಡೆಗೇ ಒಂದು ಕಾನೂನು ಬಂತು. ಈಗ ಒಂಟೆ ಮೇಲೆ ಪುಟ್ಟ ರೋಬಾಟ್ ಕೂತಿರುತ್ತದೆ. ಮಾಲೀಕ ಪಕ್ಕದ ರಸ್ತೆಯಲ್ಲಿ ಕಾರಿನಲ್ಲಿ ಹೋಗುತ್ತಾ ರಿಮೋಟ್ ಒತ್ತಿ ಚಾಟಿ ಆಡಿಸುತ್ತಾನೆ. ನಾನೇ ಕಣ್ಣಾರೆ ನೋಡಿದ್ದೇನೆ. ನಗು ಬರುತ್ತದೆ, ಆಮೇಲೆ ಆ ಜಾಗದಲ್ಲಿ ಕೂತಿದ್ದ ಮಗು ನೆನಪಾಗುತ್ತದೆ.

ನಮ್ಮ ದೇಶ 2004ರಿಂದ 2010ರವರೆಗೆ ಆ ನಿಗಾ ಪಟ್ಟಿಯಲ್ಲಿತ್ತು. 2011ರಲ್ಲಿ ಮಾನವ ಕಳ್ಳಸಾಗಣೆ ತಡೆಯುವ ವಿಶ್ವಸಂಸ್ಥೆಯ ಪಲೆರ್ಮೊ ಒಪ್ಪಂದವನ್ನು ಸ್ಥಿರೀಕರಿಸಿತು, ಅದೇ ವರ್ಷ ಪಟ್ಟಿಯಿಂದ ಹೊರಬಂತು. ಹಾಗಂತ ಎಲ್ಲವೂ ಹೊರಗಿನ ಒತ್ತಡದಿಂದಲೇ ಆಯಿತು ಅನ್ನೋಕಾಗಲ್ಲ. 2013ರಲ್ಲಿ ಆಗಿನ ದಂಡ ಸಂಹಿತೆಯ (ಐಪಿಸಿ) 370ನೇ ಸೆಕ್ಷನ್ ಬದಲಾಗಿ ಮಾನವ ಕಳ್ಳಸಾಗಣೆಯನ್ನು ಹಿಡಿದಿದ್ದು ನಿರ್ಭಯಾ ಪ್ರಕರಣಕ್ಕೆ ದೆಹಲಿಯ ಬೀದಿಗಿಳಿದ ಜನರಿಂದ, ಆಮೇಲೆ ಸರ್ಕಾರ ನೇಮಿಸಿದ ವರ್ಮಾ ಸಮಿತಿಯಿಂದ. ಅದೇ ವರ್ಷ ಡಿಸೆಂಬರ್‌ನಲ್ಲಿ ಮನೆಕೆಲಸದಾಕೆಯ ವೀಸಾ, ಸಂಬಳದ ವಿಚಾರದಲ್ಲಿ ನ್ಯೂಯಾರ್ಕ್‌ನಲ್ಲಿ ನಮ್ಮ ರಾಜತಾಂತ್ರಿಕ ಅಧಿಕಾರಿಯನ್ನು ಬಂಧಿಸಿದರು. ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದಕ್ಕೆ ನಮಗೆ ಸಿಟ್ಟು ಬಂತು, ಬರಬೇಕಾದ್ದೇ. ಆದರೆ ಆ ಗಲಾಟೆಯಲ್ಲಿ ಮನೆಕೆಲಸದಾಕೆಗೆ ನಿಜಕ್ಕೂ ಎಷ್ಟು ಸಂಬಳ ಸಿಗುತ್ತಿತ್ತು ಅಂತ ಎಷ್ಟು ಜನ ಕೇಳಿದೆವು?

ನಮ್ಮವರು ಸಿಕ್ಕಿಹಾಕಿಕೊಂಡಾಗ ಮಾತ್ರ ಲೆಕ್ಕ ಬೇರೆ. ಕಂಪ್ಯೂಟರ್ ಕೆಲಸ ಅಂತ ಕರೆದೊಯ್ದು ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ್ದರಲ್ಲ, 2025ರ ಮಾರ್ಚ್‌ನಲ್ಲಿ ವಾಯುಪಡೆ ವಿಮಾನಗಳು 500ಕ್ಕೂ ಹೆಚ್ಚು ಜನರನ್ನು ಥಾಯ್ಲೆಂಡ್ ಮೂಲಕ ಕರೆತಂದವು. ಆಗ ಮ್ಯಾನ್ಮಾರ್ ಮೇಲೆ ಒತ್ತಡ ಹಾಕಿ ಅಂತ ನಾವೇ ಕೂಗಿದೆವು. ಅದು ಅವರ ಮನೆ ವಿಷಯ ಅಂತ ಯಾರೂ ಅನ್ನಲಿಲ್ಲ.

ಈಗ ಎರಡು ಊರಿನ ರೀತಿ ನೋಡಿ. ಯುಎಇಯಲ್ಲಿ 2009ರಿಂದ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು, ತಪ್ಪಿದರೆ ಸರ್ಕಾರದ ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಆಲೆಮನೆಯಲ್ಲಿ ಚಿಕ್ಕಪ್ಪನ ನೋಟ್‌ಬುಕ್ಕೇ ಬ್ಯಾಂಕು. ಆದರೆ ಯುಎಇಯಲ್ಲಿ ಕಾರ್ಮಿಕ ಸಂಘ ಕಟ್ಟುವಂತಿಲ್ಲ. ನಮ್ಮಲ್ಲಿ ಬೀದಿಗಿಳಿಯಬಹುದು. ಮಂಡ್ಯದವರಿಗೆ ರಸ್ತೆ ತಡೆ ಯಾರಾದರೂ ಹೇಳಿಕೊಡಬೇಕಾ? ಮೈಸೂರಿನಲ್ಲಿ ಒಡನಾಡಿ ಸಂಸ್ಥೆಯವರು ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತರುವ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಗಲ್ಫ್‌ನಲ್ಲಿ ಅಂಥ ಜನ ಹಾಗೆ ಬಾಯಿಬಿಟ್ಟು ಮಾತಾಡೋದು ಕಷ್ಟ.

ಕಾನೂನೂ ನಮ್ಮಲ್ಲಿ ಹಳೆಯದು. 1976ರ ಕಾಯ್ದೆ ಪ್ರಕಾರ ಸಾಲಕ್ಕೆ ಕಟ್ಟಿಹಾಕಿ ದುಡಿಸಿದರೆ ಅದು ಜೀತ, ಆ ಸಾಲವೇ ರದ್ದು. ಬಿಡುಗಡೆಯಾದವನಿಗೆ ತಕ್ಷಣ 30,000 ರೂಪಾಯಿವರೆಗೆ ನೆರವು ಅಂತ ಕೇಂದ್ರದ 2021ರ ಯೋಜನೆ ಹೇಳುತ್ತದೆ. ಉಳಿದ ಲಕ್ಷಗಳು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಅಂದರೆ ಆ ಬಡಪಾಯಿ ದೂರದ ಊರಿನಿಂದ ಕೋರ್ಟಿಗೆ ಅಲೆದು ಗೆಲ್ಲಬೇಕು. ಇದನ್ನು ಬರೆದವರು ಕೋರ್ಟ್ ವರಾಂಡದಲ್ಲಿ ಒಂದು ದಿನವಾದರೂ ಕಾದಿದ್ದಾರಾ ಅನ್ನೋದು ನನ್ನ ಅನುಮಾನ.

ಇಷ್ಟನ್ನೂ ಚಿಕ್ಕಪ್ಪನಿಗೆ ಜಗಲಿ ಮೇಲೆ ಕೂತು ಹೇಳಿದೆ. ಒಂಟೆ ರೋಬಾಟ್ ಕಥೆಗೆ ಚೆನ್ನಾಗಿ ನಕ್ಕರು. ಜೀತ ಅಂದದ್ದಕ್ಕೆ ಮುಖ ಗಂಟಿಕ್ಕಿತು. "ಮೂರ್ ಹೊತ್ತು ಊಟ ಹಾಕ್ತೀನಿ, ಜ್ವರ ಬಂದ್ರೆ ನಾನೇ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ. ನಾನ್ ಜೀತಕ್ಕಿಟ್ಟವ್ನೇನ್ಲಾ?" ಅವರು ಹೇಳಿದ್ದು ಸುಳ್ಳಲ್ಲ. ನನ್ನ ಕಂಪನಿಯೂ ರೂಮು ಕೊಟ್ಟಿತ್ತು, ಊಟ ಕೊಟ್ಟಿತ್ತು.

ಹೋದ ವಾರ ಫೋನ್ ಮಾಡಿದ್ದರು. ಇಬ್ಬರಿಗೆ ಕಾರ್ಡ್ ವಾಪಸ್ ಕೊಟ್ಟರಂತೆ. ಇನ್ನೆರಡು ಎಲ್ಲಿ ಅಂತ ಕೇಳಿದೆ.

"ಡಬ್ಬೀಲೇ ಅವೆ. ಅವ್ರದ್ದಿನ್ನೂ ಮುಂಗಡ ತೀರಿಲ್ಲ ಕಣ್ಲಾ."